ರಸೀದಿ ಪುಸ್ತಕ ಹಿಡಿದ ಕೈಗಳು

ಗಣೇಶ ಹಬ್ಬ ಹತ್ತಿರವಾದರೆ ಶಿವಮೊಗ್ಗ, ಭದ್ರಾವತಿಯ ಯುವಕ ಸಂಘಗಳಿಗೆ ಬಿಡುವಿಲ್ಲ. ಪೆಂಡಾಲಿಗೆ ಪಾಲಿಕೆ ಇಲ್ಲವೇ ನಗರಸಭೆ, ಕರೆಂಟಿಗೆ ಮೆಸ್ಕಾಂ, ಮೈಕಿಗೆ ಪೊಲೀಸ್ ಠಾಣೆ. ಅರ್ಜಿ ಬರೆಯಬೇಕು, ಸಾಹೇಬರ ಮುಂದೆ ನಿಂತು ಮಾತಾಡಬೇಕು, ‘ನಾಳೆ ಬನ್ನಿ’ ಎಂದರೆ ನಾಳೆ ಮತ್ತೆ ಹೋಗಬೇಕು. ಚಂದಾ ಕೇಳಿದಾಗ ಗದರಿದವರ ಮನೆಗೂ ಪ್ರಸಾದ ಮುಟ್ಟಿಸಬೇಕು. ಹಬ್ಬ ಮುಗಿದ ಮೇಲೆ ಜಮಾ-ಖರ್ಚು ಒಪ್ಪಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದ ಹತ್ತು ಜೀವನ ಕೌಶಲಗಳಲ್ಲಿ ಮಾತುಕತೆ, ನಿರ್ಧಾರ, ಸಮಸ್ಯೆ ಬಿಡಿಸುವುದು, ಇನ್ನೊಬ್ಬರ ನೋವು ಅರಿಯುವುದು, ಸಿಟ್ಟನ್ನೂ ಒತ್ತಡವನ್ನೂ ನಿಭಾಯಿಸುವುದು ಸೇರಿವೆ. ಇವನ್ನು ಶಿಬಿರದಲ್ಲಿ ಕೂರಿಸಿ ಹೇಳಿಕೊಡಬಹುದು. ಸಂಘದಲ್ಲಿ ಮಾತ್ರ ಇವೆಲ್ಲ ಕೆಲಸದ ಬೆನ್ನಿಗೇ ಬರುತ್ತವೆ.

ಕೌಶಲದ ಜೊತೆಗೆ ಆತ್ಮಗೌರವದ ಮಾತೂ ಇದೆ. ಅದನ್ನು ಅಳೆಯಲು ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ ಹತ್ತು ವಾಕ್ಯಗಳ ಮಾಪನ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಸಂಘದ ಸದಸ್ಯರಿಗೆ ಹೆಚ್ಚು ಅಂಕ ಬಂದರೂ ಅದೆಲ್ಲ ಸಂಘದ ಕೊಡುಗೆಯೇ ಎನ್ನಲು ನಾನು ಅವಸರ ಮಾಡುವುದಿಲ್ಲ. ಧೈರ್ಯವಿದ್ದವರೇ ಮೊದಲು ಸಂಘಕ್ಕೆ ಬಂದಿರಬಹುದು. ಸದಸ್ಯರ ಪಟ್ಟಿಯಲ್ಲಿ ಹೆಸರಿದ್ದು ಐದು ವರ್ಷ ಬರೀ ಕುರ್ಚಿ ಹಾಕಿದವನಿಗೂ ನಡಾವಳಿ ಬರೆದು, ಲೆಕ್ಕ ಓದಿ, ಪ್ರಶ್ನೆಗೆ ಉತ್ತರಿಸಿದವನಿಗೂ ಬಹಳ ವ್ಯತ್ಯಾಸವಿದೆ. ಹುಡುಗರನ್ನು ಬೆಳೆಸುವುದು ಸದಸ್ಯತ್ವವಲ್ಲ, ಅವರ ಪಾಲಿಗೆ ಬಿದ್ದ ಹೊಣೆ.

ಭದ್ರಾವತಿಗೆ ಈ ಮಾತು ಹೆಚ್ಚು ಮುಖ್ಯ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ (ಇಂದಿನ ವಿಐಎಸ್‌ಎಲ್), ಆಮೇಲೆ ಬಂದ ಕಾಗದ ಕಾರ್ಖಾನೆ (ಎಂಪಿಎಂ) ಎರಡೂ ಊರಿಗೆ ಅನ್ನದ ಜೊತೆ ಗುರುತನ್ನೂ ಕೊಟ್ಟಿದ್ದವು. ‘ಯಾರ ಮಗ?’ ಎಂದರೆ ಅಪ್ಪನ ಹೆಸರಿನ ಜೊತೆ ಅವನ ಇಲಾಖೆಯೂ ಉತ್ತರದಲ್ಲಿರುತ್ತಿತ್ತು. ಎಂಪಿಎಂ ಯಂತ್ರಗಳು ನಿಂತವು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದದ್ದು 2023ರ ಜನವರಿಯಲ್ಲಿ, ನೂರು ತುಂಬಿದ ವರ್ಷವೇ. ಕಾರ್ಮಿಕರ ಹೋರಾಟದ ನಂತರ ಒಂದಷ್ಟು ಕೆಲಸ ಮತ್ತೆ ಶುರುವಾದರೂ, ಅಪ್ಪನ ನೌಕರಿಯ ದಾರಿ ಹಿಡಿಯುವ ಭರವಸೆ ಇಂದಿನ ಹುಡುಗರಿಗಿಲ್ಲ. ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕುಳಿತವನನ್ನು ಕಬಡ್ಡಿ ಪಂದ್ಯಾವಳಿಗೋ ರಕ್ತದಾನ ಶಿಬಿರಕ್ಕೋ ‘ನೀನಿಲ್ಲದಿದ್ದರೆ ಆಗಲ್ಲ ಮಾರಾಯ’ ಎಂದು ಕರೆಯುವವರು ಬೇಕು. ಅದು ಸಂಬಳವಲ್ಲ, ನಿಜ. ಸಂಬಳ ಸಿಗುವವರೆಗೆ ಮನಸ್ಸು ಕುಸಿಯದಂತೆ ಹಿಡಿದಿಡುವ ಆಸರೆ.

ಮನಸ್ಸು ಕುಸಿದರೆ ಮಾತಾಡಲು ಒಂದು ಜಾಗವಿದೆ. ನಿಮ್ಹಾನ್ಸ್ ಮತ್ತು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಜೊತೆಗೂಡಿ ಜಿಲ್ಲೆಗಳಲ್ಲಿ ನಡೆಸುವ ‘ಯುವ ಸ್ಪಂದನ’ ಕೇಂದ್ರಗಳಲ್ಲಿ ತರಬೇತಿ ಪಡೆದ ಯುವ ಪರಿವರ್ತಕರು ಓದು, ಸಂಬಂಧ, ದುಡಿಮೆಯ ಆತಂಕಗಳಿಗೆ ಕಿವಿಗೊಡುತ್ತಾರೆ. ಸಂಘದ ಗೆಳೆಯನೇ ಕರೆದೊಯ್ದರೆ ಹೋಗುವವನ ಹಿಂಜರಿಕೆ ಅರ್ಧ ಕಡಿಮೆಯಾಗುತ್ತದೆ.

ನನ್ನನ್ನು ಕಾಡುವುದು ಹುಡುಗಿಯರ ಪ್ರಶ್ನೆ. ಯುವತಿ ಮಂಡಳಿ ಎಂಬುದು ಎಷ್ಟೋ ಕಡೆ ರಂಗೋಲಿ ಸ್ಪರ್ಧೆಗೆ ಮುಗಿದುಹೋಗುತ್ತದೆ. ಯುವಕ ಸಂಘದ ಸಭೆ ರಾತ್ರಿ ಒಂಬತ್ತಕ್ಕೆ ಅರಳಿಕಟ್ಟೆಯಲ್ಲಿ ಸೇರಿದರೆ ಹುಡುಗಿಯರು ಬರುವುದು ಹೇಗೆ? ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಆ ಏಳರಲ್ಲಿ ಮೂವರಾದರೂ ಹುಡುಗಿಯರಿರಲಿ, ಒಬ್ಬಳು ಖಜಾಂಚಿಯಾಗಲಿ. ಸಭೆ ಸಂಜೆ ಐದಕ್ಕೆ, ದೀಪವಿರುವ ಸರ್ಕಾರಿ ಶಾಲೆಯ ಕೋಣೆಯಲ್ಲಿ ನಡೆಯಲಿ. ಅದಕ್ಕೆ ಬೀಗದಕೈ ಕೊಡುವುದು ನಗರದ ದೊಡ್ಡವರ ಕೆಲಸ.