ಯಂತ್ರದ ಉಸಿರು

ಮೋಟಾರು ಗಾಡಿಯು ಪೆಟ್ರೋಲಿನಿಂದ ಓಡುವುದೆಂದು ಎಲ್ಲರೂ ಬಲ್ಲರು. ಆದರೆ ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕೆಂಬುದನ್ನು ಬಲ್ಲವರು ವಿರಳ.

ಅಮೆರಿಕದಲ್ಲಿ ಪಿಕಪ್ ಎಂಬ ಸಣ್ಣ ಸರಕುಗಾಡಿಗಳು ಬಹು ಬಳಕೆಯಲ್ಲಿವೆ. ಅವುಗಳಲ್ಲಿ ಹಳೆಯವು ಅನೇಕವು ಇಂಜಿನಿನ ಮುಚ್ಚಳದ ಅಡಿಯ ಗಾಳಿಯನ್ನೇ ಸೆಳೆದುಕೊಳ್ಳುತ್ತವೆ. ಇದು ನಿರ್ಮಾಪಕರ ಅಜ್ಞಾನವಲ್ಲ; ಕೊರೆಯುವ ಚಳಿಯಲ್ಲಿ ಇಂಜಿನು ಸರಾಗವಾಗಿ ಓಡಲು ಬೆಚ್ಚನೆಯ ಗಾಳಿ ಅನುಕೂಲ. ಆದರೆ ಬೇಸಗೆಯಲ್ಲಿ ಅದೇ ಕೊರತೆಯಾಗುವುದು. ಕಾದ ಗಾಳಿಯು ಹಿಗ್ಗಿ ಹಗುರಾಗುತ್ತದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇರುವ ಗಾಳಿ ಒಳಗೆ 60 ಡಿಗ್ರಿಗೆ ಕಾದರೆ, ಅದೇ ಗಾತ್ರದ ಗಾಳಿಯ ತೂಕ ನೂರಕ್ಕೆ ಸುಮಾರು 9ರಷ್ಟು ಕುಗ್ಗುವುದು. ಇಂಜಿನಿನ ಬಲವೂ ತಗ್ಗುವುದು.

ಆದುದರಿಂದ ಕುಶಲಿಗಳು ಗಾಳಿಶೋಧಕದ ಪೆಟ್ಟಿಗೆಗೆ ಕೊಳವೆಯೊಂದನ್ನು ಜೋಡಿಸಿ, ಅದರ ಬಾಯನ್ನು ಗಾಡಿಯ ಮುಂಭಾಗದ ಜಾಲರಿಯ ಹಿಂದೆ, ತಂಪು ಗಾಳಿ ದೊರೆಯುವೆಡೆ ಇರಿಸುವರು. ಬಾಯಿ ತೀರ ಕೆಳಗಿರಬಾರದು. ರಸ್ತೆಯ ನೀರು ಸಿಲಿಂಡರನ್ನು ಹೊಕ್ಕರೆ, ಅದು ಗಾಳಿಯಂತೆ ಅದುಮಿಕೊಳ್ಳದ ಕಾರಣ ಇಂಜಿನೇ ಮುರಿದೀತು.

ಕೆಲವರು ಹೆಚ್ಚು ಗಾಳಿಯ ಆಸೆಯಿಂದ ಶೋಧಕವನ್ನೇ ಕಿತ್ತೆಸೆಯುವುದುಂಟು. ಇದು ದೊಡ್ಡ ತಪ್ಪು. ಧೂಳಿನ ಕಣಗಳು ಎಣ್ಣೆಯೊಡನೆ ಬೆರೆತು ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ನಿನ ಉಂಗುರಗಳನ್ನೂ ಅರದಂತೆ ಸವೆಸುವುವು. ಕ್ಷಣದ ವೇಗಕ್ಕಾಗಿ ಇಂಜಿನಿನ ಆಯುಸ್ಸನ್ನೇ ತೆತ್ತಂತಾಯಿತು. ಹೊಸ ಕೊಳವೆಗೆ ಹಣ ವ್ಯಯಿಸುವ ಮುನ್ನ, ಧೂಳು ಕಟ್ಟಿದ ಶೋಧಕವನ್ನು ಬದಲಿಸಿ, ಬಿರುಕುಬಿಟ್ಟ ಸಂದುಗಳನ್ನು ಮುಚ್ಚುವುದೇ ಮೊದಲ ಸುಧಾರಣೆ.

ವಿದ್ಯಾರ್ಥಿಗಳೇ, ಮೂಗಿನ ಕೂದಲು ನಮಗೆ ಮಾಡುವ ಉಪಕಾರವನ್ನೇ ಶೋಧಕವು ಯಂತ್ರಕ್ಕೆ ಮಾಡುತ್ತದೆ. ಗಾಳಿ ತಂಪಾಗಿರಲಿ, ಅದಕ್ಕೂ ಮೊದಲು ಶುಚಿಯಾಗಿರಲಿ.