ಉಪ್ಪುಗಾಳಿಯ ಊರಲ್ಲಿ ಪುಟ್ಟ ಗ್ಯಾಸ್ ಡಬ್ಬಿ

ಮಟ್ಟಾಂಚೇರಿಯಲ್ಲಿ ಕಬ್ಬಿಣಕ್ಕೆ ಆಯಸ್ಸು ಕಡಿಮೆ. ಹಿನ್ನೀರಿನ ಉಪ್ಪುಗಾಳಿಗೆ ನಮ್ಮ ಬಾಡಿಗೆ ಮನೆಯ ಕಿಟಕಿ ಸರಳು, ಬೀಗ ಎಲ್ಲಕ್ಕೂ ತುಕ್ಕು. ಮುನ್ನಾರ್ ಕಡೆಯ ಚಾರಣ ಮುಗಿದ ಮೇಲೆ ಉಳಿಯುವ, ಚಾರಣದ ಪುಟ್ಟ ಒಲೆಗೆ ಜೋಡಿಸುವ 230 ಗ್ರಾಂ ಗ್ಯಾಸ್ ಡಬ್ಬಿಯ ಬಗ್ಗೆ ನನಗೆ ಚಿಂತೆ ಅದಕ್ಕೇ. ಅದೂ ತೆಳು ಉಕ್ಕು.

ಒಳಗಿರುವುದು ಒತ್ತಡದಿಂದ ದ್ರವವಾದ ಬ್ಯುಟೇನ್, ಪ್ರೊಪೇನ್. ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಪ್ರೊಪೇನ್ ಮೈನಸ್ 42ರಲ್ಲಿ. ಸೆಕೆ ಏರಿದಂತೆ ಒಳಗಿನ ಒತ್ತಡವೂ ಏರುತ್ತದೆ. 50 ಡಿಗ್ರಿ ದಾಟಬಾರದೆಂದು ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಒಳಗು ಆ ಮಿತಿಯನ್ನು ಮೀರಬಲ್ಲದು. ತಗಡಿನ ಚಾವಣಿಯಡಿಯ ಅಟ್ಟವೂ ಬೇಡ.

ಸೋರಿದರೆ ಈ ಅನಿಲ ಮೇಲೇರಿ ಹೋಗುವುದಿಲ್ಲ. ಗಾಳಿಗಿಂತ ಭಾರ; ನೆಲಕ್ಕಿಳಿದು ಮೂಲೆಯಲ್ಲಿ ನಿಲ್ಲುತ್ತದೆ. ಮಂಚದಡಿ, ಮುಚ್ಚಿದ ಕಪಾಟು, ಫ್ರಿಜ್ ಅಥವಾ ಇನ್ವರ್ಟರ್ ಪಕ್ಕ, ಇವೆಲ್ಲ ಅಪಾಯದ ಜಾಗಗಳೇ. ನಾನು ಒಲೆಯಿಂದ ಕಳಚಿ, ಮುಚ್ಚಳ ಹಾಕಿ, ಮಕ್ಕಳ ಕೈಗೆಟುಕದಂತೆ ಬಾಲ್ಕನಿಯ ನೆರಳಿನ ಮರದ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸುತ್ತೇನೆ. ಮಳೆಯ ಎರಚಲು ತಾಗಬಾರದು. ತಳದ ಅಂಚಿನಲ್ಲಿ ತುಕ್ಕು ಎದ್ದಿದೆಯೇ ಎಂದು ಆಗಾಗ ಬೆರಳಾಡಿಸುತ್ತೇನೆ, ವಾಲ್ವ್‌ಗೆ ಸೋಪಿನ ನೀರು ಸವರುತ್ತೇನೆ. ಗುಳ್ಳೆ ಎದ್ದರೆ ಡಬ್ಬಿ ಬೆಂಕಿ, ಸ್ವಿಚ್ಚುಗಳಿಂದ ದೂರ, ಬಯಲಿಗೆ ಹೋಗಬೇಕು.

ತಿರುವನಂತಪುರಕ್ಕೆ ಹೊರಟಾಗ ಇದು ಜೊತೆಗೆ ಬರುವುದಿಲ್ಲ. ರೈಲಿನಲ್ಲೂ ವಿಮಾನದಲ್ಲೂ ನಿಷೇಧ. ಆದ್ದರಿಂದಲೇ ಅರ್ಧ ಉಳಿದ ಡಬ್ಬಿಗಳು ಮನೆಯಲ್ಲಿ ಗುಡ್ಡೆ ಬೀಳುತ್ತವೆ. ಹೊಸದು ಕೊಳ್ಳುವ ಮೊದಲು ಹಳೆಯದನ್ನು ಬಯಲಲ್ಲಿ ಚಹಾ ಕಾಯಿಸಿ ಪೂರ್ತಿ ಮುಗಿಸಿ.