ಅರ್ಧ ಚಮಚದ ಲೆಕ್ಕ

ಅಡುಗೆಮನೆಯ ಟೀ ಚಮಚವನ್ನು ಕೈಗೆತ್ತಿಕೊಳ್ಳಿ. ಅದರಲ್ಲಿ 5 ಮಿಲಿಲೀಟರ್ ಹಿಡಿಸುತ್ತದೆ. ಅರ್ಧವೂ ತುಂಬದಂತೆ, 2 ಮಿಲಿಲೀಟರ್ ಶುದ್ಧ ಆಲ್ಕೋಹಾಲ್ ಹಾಕಿದ್ದೀರಿ ಎಂದುಕೊಳ್ಳಿ. ಒಬ್ಬ ಗಂಡಸಿನ ಮೈಯಲ್ಲಿ ಹರಿಯುವ ಸುಮಾರು 5 ಲೀಟರ್ ರಕ್ತದಲ್ಲಿ ಇಷ್ಟು ಬೆರೆತಿದ್ದರೆ ಸಾಕು, ಅವನು ಸ್ಟಿಯರಿಂಗ್ ಹಿಡಿಯುವುದು ಅಪರಾಧ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹಾಕಿರುವ ಗೆರೆ, 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ. ಬಿಡಿಸಿ ನೋಡಿದರೆ ಅದು ಈ ಅರ್ಧ ಚಮಚ.

ಇಷ್ಟು ಸಣ್ಣದನ್ನು ಯಂತ್ರ ಉಸಿರಿನಲ್ಲೇ ಹಿಡಿಯುತ್ತದೆ. 1 ಮಿ.ಲೀ. ರಕ್ತದಲ್ಲಿರುವಷ್ಟು ಆಲ್ಕೋಹಾಲ್ ಸುಮಾರು 2,100 ಮಿ.ಲೀ. ಉಸಿರಿನಲ್ಲಿ ಹರಡಿಕೊಂಡಿರುತ್ತದೆ. ಗೆರೆಯ ಮೇಲೆ ನಿಂತವನು ಎರಡು ಲೀಟರ್ ಉಸಿರು ಊದಿದರೆ ಹೊರಬರುವುದು 0.3 ಮಿಲಿಗ್ರಾಂ. ಒಂದು ರಾಗಿ ಕಾಳು ಇದಕ್ಕಿಂತ ಎಷ್ಟೋ ಪಟ್ಟು ಭಾರ. ರೈಲಿನ ಲೋಕೋ ಪೈಲಟ್ ಡ್ಯೂಟಿಗೆ ಹತ್ತುವ ಮುನ್ನ ಕ್ರೂ ಲಾಬಿಯಲ್ಲಿ ಹೀಗೆ ಊದಲೇಬೇಕು. ವಿಮಾನದ ಪೈಲಟ್‌ಗಂತೂ ನಮ್ಮ ದೇಶದಲ್ಲಿ ಅರ್ಧ ಚಮಚವೂ ಇಲ್ಲ. ಹಾರುವ 12 ಗಂಟೆ ಮೊದಲಿನಿಂದ ಕುಡಿಯುವಂತಿಲ್ಲ, ಯಂತ್ರದಲ್ಲಿ ಸೊನ್ನೆಯೇ ಬರಬೇಕು.

ಈಗ ಅಂಗಡಿಯಲ್ಲಿ ಸಿಗುವ ಒಂದು ಕ್ವಾರ್ಟರ್ ವಿಸ್ಕಿಯನ್ನು ನೋಡೋಣ. 180 ಮಿ.ಲೀ., ಶೇ 42.8ರಷ್ಟು ಆಲ್ಕೋಹಾಲ್. ತೂಕದಲ್ಲಿ ಅದು 60 ಗ್ರಾಂ ದಾಟುತ್ತದೆ. 65 ಕೆ.ಜಿ. ತೂಕದ ಗಂಡಸು ಅದನ್ನು ಪೂರ್ತಿ ಕುಡಿದರೆ ರಕ್ತದ ಲೆಕ್ಕ ಸುಮಾರು 135 ಮಿಲಿಗ್ರಾಂಗೆ ಏರುತ್ತದೆ. ಲಿವರ್ ಅದನ್ನು ಗಂಟೆಗೆ ಹೆಚ್ಚುಕಡಿಮೆ 15ರಂತೆ ಕರಗಿಸುತ್ತದೆ. ಆತುರಪಡಿಸಿದರೆ ಅದು ಕೇಳುವುದಿಲ್ಲ.

ರಾತ್ರಿ 11ಕ್ಕೆ ಕುಡಿದು ಮಲಗಿದ ಡ್ರೈವರ್ ಬೆಳಗಿನ ಜಾವ ಏಳುತ್ತಾನೆ. ತಲೆಗೆ ತಣ್ಣೀರು ಸುರಿದುಕೊಳ್ಳುತ್ತಾನೆ, ಹಣೆಗೆ ವಿಭೂತಿ ಇಡುತ್ತಾನೆ, ಸ್ಟ್ಯಾಂಡಿನ ಪಕ್ಕ ಸ್ಟ್ರಾಂಗ್ ಕಾಫಿ ಕುಡಿಯುತ್ತಾನೆ. ತೂರಾಟವಿಲ್ಲ, ಮಾತು ಸರಿಯಾಗಿದೆ. ‘ರಾತ್ರಿದು ರಾತ್ರಿಗೇ ಇಳೀತು’ ಎಂದು ಪ್ರಾಮಾಣಿಕವಾಗಿಯೇ ನಂಬಿದ್ದಾನೆ. ಐದು ಗಂಟೆಗೆ ಅವನ ರಕ್ತದಲ್ಲಿ ಇನ್ನೂ 45 ಇದೆ, ಕಾನೂನಿನ ಗೆರೆಯ ಒಂದೂವರೆ ಪಟ್ಟು. ಅದು ಸೊನ್ನೆಗೆ ಬರುವುದು ಎಂಟಕ್ಕೆ. ಕುಡಿದದ್ದು ಎರಡು ಕ್ವಾರ್ಟರ್ ಆಗಿದ್ದರೆ 18 ಗಂಟೆ ಬೇಕು, ಎಂದರೆ ಮರುದಿನ ಸಂಜೆ ಐದು. ತಣ್ಣೀರು ನಿದ್ದೆಯನ್ನು ಓಡಿಸಬಹುದು, ರಕ್ತವನ್ನು ತೊಳೆಯಲಾರದು.

80 ಕಿ.ಮೀ. ವೇಗದ ಬಸ್ಸು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಾಲು ಬ್ರೇಕಿಗೆ ಹೋಗುವುದು ಅರ್ಧ ಸೆಕೆಂಡ್ ತಡವಾದರೆ 11 ಮೀಟರ್, ಹೆಚ್ಚುಕಡಿಮೆ ಒಂದು ಬಸ್ಸಿನ ಉದ್ದ. ಮುಂದೆ ಶಾಲೆಗೆ ಹೊರಟ ಮಗು ರಸ್ತೆ ದಾಟುತ್ತಿದ್ದರೆ ಬದುಕಿಗೂ ಸಾವಿಗೂ ನಡುವಿನ ಅಂತರ ಅಷ್ಟೇ.

1991ರ ಆಗಸ್ಟ್ 28ರ ನಡುರಾತ್ರಿ ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರ್ ಬಳಿ ಸುರಂಗ ರೈಲೊಂದು ಹಳಿ ತಪ್ಪಿತು. ಗಂಟೆಗೆ 16 ಕಿ.ಮೀ.ಯಲ್ಲಿ ಹೋಗಬೇಕಾದ ತಿರುವಿಗೆ ಅದು 60 ಮೀರಿದ ವೇಗದಲ್ಲಿ ನುಗ್ಗಿತ್ತು. ಚಾಲಕ ಕುಡಿದಿದ್ದ. ಐವರು ಸತ್ತರು. ಅದೇ ವರ್ಷ ಅಮೆರಿಕ ಸಾರಿಗೆಯ ಅಪಾಯದ ಕೆಲಸಗಳಿಗೆಲ್ಲ ಆಲ್ಕೋಹಾಲ್ ಪರೀಕ್ಷೆಯನ್ನು ಕಡ್ಡಾಯ ಮಾಡುವ ಕಾನೂನು ತಂದಿತು.

ಪರೀಕ್ಷೆ ಬೇಕೇ ಬೇಕು. ಆದರೆ ಅದು ಹಿಡಿಯುವುದು ಹಿಂದಿನ ರಾತ್ರಿಯನ್ನು ಮಾತ್ರ, ಹತ್ತು ವರ್ಷದ ಚಟವನ್ನಲ್ಲ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿಯುವವರು 16 ಕೋಟಿ. ಕುಡಿತದಿಂದ ಹಾನಿಗೊಳಗಾದವರು, ಅದಿಲ್ಲದೆ ಇರಲಾರದವರು ಸೇರಿ 5.7 ಕೋಟಿ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕ 6.1 ಕೋಟಿ. ಇಷ್ಟು ಜನರಲ್ಲಿ ಲಾರಿ ಓಡಿಸುವವರು, ಕ್ರೇನ್ ಏರುವವರು, ಬಾಯ್ಲರ್ ಮುಂದೆ ನಿಲ್ಲುವವರು ಇಲ್ಲದೆ ಇರುತ್ತಾರೆಯೇ? ಚಟಕ್ಕೆ ಬಿದ್ದವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು 38 ಜನರಿಗೆ ಒಬ್ಬರಂತೆ.

ಈ ಕೊನೆಯ ಅಂಕಿಯೇ ನನ್ನ ನಿದ್ದೆ ಕೆಡಿಸುವುದು. ‘ಬಿಟ್ಟುಬಿಡಪ್ಪ’ ಎಂದರೆ ಬಿಡುವ ಕಾಯಿಲೆಯಲ್ಲ ಇದು. ದಿನವೂ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಪ್ರಾಣಕ್ಕೂ ಸಂಚಕಾರ. ಅವನಿಗೆ ಡಾಕ್ಟರ್ ಬೇಕು, ಹಾಸಿಗೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಚಿಕಿತ್ಸಾ ಕೇಂದ್ರವಿದೆ. ಆದರೆ ಕೆಲಸ ಹೋಗುತ್ತದೆಂಬ ಭಯವಿದ್ದರೆ ಯಾವ ಡ್ರೈವರ್ ಅದರ ಮೆಟ್ಟಿಲು ಹತ್ತುತ್ತಾನೆ?

‘ನಿನ್ನೆ ಜಾಸ್ತಿ ಆಯ್ತು ಸಾರ್, ಇವತ್ತು ಗಾಡಿ ಹತ್ತಲ್ಲ. ಆಸ್ಪತ್ರೆಗೆ ಕಳಿಸಿ.’ ಡಿಪೋದಲ್ಲಿ ಒಬ್ಬ ಡ್ರೈವರ್ ಹೀಗೆ ತಲೆ ಎತ್ತಿ ಹೇಳುವಂತಾಗಬೇಕು, ಸಂಜೆ ಮನೆಗೆ ಹೋದಾಗಲೂ ಅವನ ಕೆಲಸ ಉಳಿದಿರಬೇಕು. ಐದು ಸೆಕೆಂಡಿನ ಮಾತು ಅದು. ಅಷ್ಟು ಹೊತ್ತಿನಲ್ಲಿ ಅವನ ಬಸ್ಸು 110 ಮೀಟರ್ ಓಡಿರುತ್ತಿತ್ತು.